ಗುಡ್ಡ ನೋಡಿದ ಮರುದಿನ

೨೯ ಮೇ ೧೯೮೩, ಕೊಳಕೂರ

ಜೇವರ್ಗಿಯ ಬೀಜದ ಅಂಗಡಿಯವರು ಹೋದ ವರ್ಷ ಅಪ್ಪನಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಅಪ್ಪ ಒಂದೇ ಒಂದು ಪುಟದಲ್ಲಿ “ತೊಗರಿ ಬಿತ್ತಿದ್ದು” ಎಂದು ಬರೆದು ಬಿಟ್ಟಿದ್ದಾರೆ. ಉಳಿದದ್ದೆಲ್ಲ ನನ್ನದು. ವಾರಗಳು ಹೊಂದುವುದಿಲ್ಲ, ನಡೆಯುತ್ತದೆ.

ನಾಳೆ ಹೊರಡುವುದು. ಮದುವೆಯಾಗಿ ಮೂರು ತಿಂಗಳಿಗೆ ಇವರು ರಜೆ ಹಾಕಿ ನನ್ನನ್ನು ಕರೆದೊಯ್ಯಲು ಬಂದಿದ್ದಾರೆ. ಇವರು ಎಂದರೆ ಹಣಮಂತರಾಯ. ಗಂಡನ ಹೆಸರು ಬಾಯಿಂದ ಹೇಳಬಾರದು, ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ. ಸರಕಾರದ ರಸ್ತೆ ಕೆಲಸದಲ್ಲಿ ಬುಲ್‌ಡೋಜರ್ ನಡೆಸುತ್ತಾರೆ, ಅದೂ ಎಲ್ಲಿ? ದಾರ್ಜಿಲಿಂಗಿನಲ್ಲಿ. ಹೆಣ್ಣು ನೋಡಲು ಬಂದಾಗ “ನಮ್ಮ ಮನಿ ಮುಂದ ನಿಂತ್ರ ಹಿಮಾಲಯ ಕಾಣ್ತದ್ರಿ” ಎಂದು ಒಂದು ಮಾತು ಹೇಳಿದರು. ಅಷ್ಟಕ್ಕೇ ಅಪ್ಪ ಸೋತರು. ಹೊಲ ಎಷ್ಟು ಎಕರೆ ಎಂದು ಕೇಳುವುದನ್ನೂ ಮರೆತರು.

ನಿಜಾಮರ ಕಾಲದಲ್ಲಿ ಅಪ್ಪ ಉರ್ದು ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವರು. ಅವರ ಮಾಸ್ತರರು ಕರಿಹಲಗೆಯ ಮೇಲೆ ಹಿಮಾಲಯ ಬರೆಯಲು ಹೋಗಿ, ಹಲಗೆ ಸಾಲದೆ ಗೋಡೆಯ ಮೇಲೂ ಬರೆದರಂತೆ. ನಮ್ಮೂರಲ್ಲಿ ಎತ್ತರದ್ದು ಎಂದರೆ ಊರ ಅಗಸಿ ಬಾಗಿಲು, ಅದು ಬಿಟ್ಟರೆ ಜೋಳದ ಕಣಿಕೆಯ ಬಣವಿ. ಆ ಗೋಡೆಯನ್ನು ಅಪ್ಪ ನಲವತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದಾರೆ. ಸಂಜೆಯಿಂದ ನಾಲ್ಕು ಸಲ ಹೇಳಿದರು, “ನೀ ನೋಡಿ ನನಗ ಬರಿ ಯವ್ವಾ. ಹ್ಯಾಂಗದ, ಎಷ್ಟು ಎತ್ತರ ಅದ, ಬರೋಬ್ಬರಿ ಬರಿ.”

ಅವ್ವ ಅರ್ಧ ಚೀಲ ಜೋಳದ ಹಿಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಾರ ಕಟ್ಟಿದ್ದಾಳೆ. ಕಟ್ಟುವಾಗೆಲ್ಲ ಮೂಗು ಸೇದುತ್ತಿದ್ದಳು, ಖಾರದ ಘಾಟಂತೆ.

೭ ಜೂನ್, ದಾರ್ಜಿಲಿಂಗ್

ಮೈ ಇನ್ನೂ ರೈಲಿನಲ್ಲೇ ಇರುವ ಹಾಗೆ ಅಲುಗುತ್ತಿದೆ. ಮನೆ ಎಂದರೆ ತಗಡಿನ ಮಾಡಿನ ಎರಡು ಕೋಣೆ. ಇಳಿಜಾರಿನಲ್ಲಿ ಒಂದರ ಮೇಲೊಂದು ಆರು ಮನೆಗಳು, ನಮ್ಮ ಅಂಗಳ ಮುಗಿದಲ್ಲಿ ಕೆಳಗಿನವರ ಮಾಡು. ಅಂಗಳದ ಅಂಚಿಗೆ ಒಂದು ಕಲ್ಲಿನ ಕಟ್ಟೆ. ಬಾಗಿಲು ಉತ್ತರಕ್ಕೆ.

ಪೆಟ್ಟಿಗೆ ಇಳಿಸುವ ಮೊದಲೇ ಇವರು ನನ್ನನ್ನು ಕಟ್ಟೆಯ ಹತ್ತಿರ ಎಳೆದುಕೊಂಡು ಹೋದರು.

“ಅಗೋ, ಅದೇ ಕಾಂಚನಜುಂಗಾ.”

ಎದುರಿಗೆ ಬೂದಿ ಬಣ್ಣದ ಮೋಡ. “ಎಲ್ಲದರಿ?” ಎಂದೆ.

“ಅದರ ಹಿಂದ ಅದ.”

“ಕಾಣವಲ್ತು.”

“ಈಗ ಕಾಣಂಗಿಲ್ಲ. ಖರೇ ಅದ, ನನ್ನಾಣಿ.”

ಅಪ್ಪನಿಗೆ ಏನು ಬರೆಯಲಿ? ಅಳಿಯಂದಿರು ಆಣೆ ಮಾಡಿದ್ದಾರೆ, ಗುಡ್ಡ ಇದೆಯಂತೆ ಎಂದು ಬರೆಯಲೇ?

೧೫ ಜೂನ್

ಮಳೆ. ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ, ಎತ್ತಿದರೆ ನಡುವೆ ಮುರಿಯುತ್ತದೆ. ಹತ್ತು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿದವಳು ನಾನು. ಇವರು ಚೂರುಗಳನ್ನು ಬಟ್ಟಲಲ್ಲಿ ಕೂಡಿಸಿ ತಿಂದು “ಛಲೋ ಆಗ್ಯಾವ” ಎಂದರು. ಅದಕ್ಕೇ ಅಳು ಬಂತು.

೨೨ ಜೂನ್

ಇವತ್ತು ಐದನೇ ರೊಟ್ಟಿ ಮುರಿದಾಗ ಸಿಟ್ಟಿಗೆ ಹಿಟ್ಟಿನ ಪರಾತವನ್ನೇ ನೆಲಕ್ಕೆ ಕುಕ್ಕಿ, ಬಾಯಿಗೆ ಬಂದ ಹಾಗೆ ಬೈದೆ. ಯಾರಿಗೂ ಕನ್ನಡ ತಿಳಿಯುವುದಿಲ್ಲ ಎಂಬ ಧೈರ್ಯ. ಮೇಲಿನ ಮನೆಯಿಂದ ಒಬ್ಬ ಹೆಂಗಸು ಕೊಡೆಯನ್ನೂ ಹಿಡಿಯದೆ ಓಡಿ ಬಂದಳು.

“ಯಾ ಊರಾಕಿ ಬೇ ನೀ? ಮೂರು ವರ್ಸದಾಗ ಈ ಗುಡ್ಡದ ಮ್ಯಾಲ ಇಂಥಾ ಬೈಗುಳ ಕೇಳಿದ್ದಿಲ್ಲ!”

ಬಾನುಬಿ. ಅಫಜಲಪುರದವಳು. ಗಂಡ ಅಬ್ದುಲ್ ಗನಿ ಇದೇ ಇಲಾಖೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ರಜೆಗೆ ಊರಿಗೆ ಹೋದವರು ನಿನ್ನೆ ಬಂದರಂತೆ. ನನ್ನ ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ನಕ್ಕಳು.

“ಹಿಟ್ಟಿಂದು ತಪ್ಪಿಲ್ಲ, ನಿಂದೂ ತಪ್ಪಿಲ್ಲ. ಇಷ್ಟು ಎತ್ತರದಾಗ ನೀರು ಬರೇ ಸದ್ದು ಮಾಡ್ತಾವ, ಊರಿನಾಂಗ ಕಾಯಂಗಿಲ್ಲ. ಎಸರು ಮ್ಯಾಲ ಸುರುವಿದ್ರ ಹಿಟ್ಟಿಗಿ ಜಿಗಿ ಬರಂಗಿಲ್ಲ. ಒಲಿ ಮ್ಯಾಲ ಇದ್ದಾಗೇ ಹಿಟ್ಟು ಹಾಕಿ, ಮುಚ್ಚಿ, ಜರಾ ಬೇಯಿಸು. ಆಮ್ಯಾಲ ನಾದು.”

ಹಾಗೆಯೇ ಮಾಡಿದೆ. ರೊಟ್ಟಿ ತೆಳ್ಳಗೆ, ತುಂಡಾಗದೆ ಹೆಂಚಿಗೆ ಹೋಯಿತು, ಉಬ್ಬಿತು. ಇಬ್ಬರೂ ಒಲೆಯ ಮುಂದೆಯೇ ಕೂತು ನಾಲ್ಕು ತಿಂದೆವು. ಅಕ್ಕನ ಹಾಗಿದ್ದಾಳೆ, ಇವಳನ್ನು ಆಪಾ ಎಂದು ಕರೆಯುತ್ತೇನೆ. ಗುಡ್ಡ ನಿಜವಾಗಿ ಇದೆಯೇ ಎಂದು ಕೇಳಿದೆ. “ಅದ. ನೋಡಿದ್ರ ಬಾಯಾಗಿನ ಮಾತು ಹೋಗ್ತದ. ಖರೇ ಈಗ ದೀಪಾವಳಿ ತನಕಾ ಪರದಾದಾಗ ಇರ್ತದ,” ಎಂದಳು.

೩೦ ಜೂನ್

ಒಬ್ಬ ಆಪಾ ಸಿಕ್ಕಳೆಂದು ಈ ಊರು ಒಳ್ಳೆಯದಾಗುವುದಿಲ್ಲ. ತೊಳೆದ ಸೀರೆ ಆರು ದಿನವಾದರೂ ಒಣಗಿಲ್ಲ. ಕನ್ನಡಿಯ ಹಿಂದೆ ಬೂಷ್ಟು, ಮದುವೆಯ ಚಪ್ಪಲಿಯ ಮೇಲೆ ಬೂಷ್ಟು, ಇನ್ನು ಸುಮ್ಮನೆ ಕೂತರೆ ನನ್ನ ಮೇಲೂ ಬರುತ್ತದೆ. ನಿನ್ನೆ ಕಾಲಿಗೆ ಜಿಗಣೆ ಹತ್ತಿತ್ತು. ಬಿಸಿಲು ಎಂಬುದು ಹೇಗಿರುತ್ತಿತ್ತು ಎಂದು ನೆನಪು ಮಾಡಿಕೊಳ್ಳಬೇಕು.

ಅಪ್ಪನಿಗೆ ಕಾಗದ ಹಾಕಿದೆ. ಪಂಚಮಿಗೆ ತವರಿನವರು ಕರೆಯಲು ಬರಬೇಕು, ಮೊದಲ ವರ್ಷ ತಪ್ಪಿಸಬಾರದು, ನೀವೇ ಬರ್ರಿ, ಬಂದು ನನ್ನನ್ನು ಕರೆದುಕೊಂಡು ಹೋಗ್ರಿ. ಇವರಿಗೆ ಊರ ಕಡೆ ವರ್ಗ ಆಗುವ ತನಕ ನಾನು ಅಲ್ಲೇ ಇರುತ್ತೇನೆ. ಬರೆದದ್ದನ್ನು ಇವರಿಗೆ ಹೇಳಿಯೂ ಬಿಟ್ಟೆ. ಇವರು ಒದ್ದೆ ಬೂಟು ಬಿಚ್ಚುತ್ತ, “ಆಯ್ತು, ನಿನ್ನ ಮನಸ್ಸು,” ಎಂದರು. ಬೇಡ ಅನ್ನಬೇಕಿತ್ತು ಎಂದಲ್ಲ. ಒಂದು ಮಾತು ಜಗಳವಾದರೂ ಆಡಬಹುದಿತ್ತು.

೧೪ ಜುಲೈ

ಅಪ್ಪನ ಕಾಗದ ಬಂತು. ಬರುತ್ತಾರೆ! ಮೂರು ಸಲ ಓದಿದೆ. “ಮುಂಗಾರಿ ಬಿತ್ತಿ ಆಗೇದ. ಎಡಿ ಹೊಡೆದು ಕಳೆ ತೆಗೆಯೂದು ನಿಮ್ಮ ಕಾಕಾ ನಾಗಣ್ಣ ನೋಡಿಕೋತಾನ. ಹಿಂಗಾರಿ ಜೋಳಕ್ಕ ಇನ್ನೂ ಟೈಮದ. ಶ್ರಾವಣದಾಗ ನನಗ ಪುರಸತ್ತು, ಪಂಚಮಿನೂ ಆಯ್ತು, ಗುಡ್ಡ ನೋಡಿದಂಗೂ ಆಯ್ತು. ಗುಡ್ಡ ನೋಡಿದ ಮರುದಿನ ನಿನ್ನ ಕರಕೊಂಡು ಹೊರಡ್ತೇನಿ. ಇದು ನನ್ನ ಮಾತು.”

ಆಪಾಗೆ ಓದಿ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಶ್ರಾವಣದಾಗ? ಯಾ ಅಲ್ಲಾ! ನಮ್ಮ ಕಡಿಯವರೇ ಇಂಥಾ ಕೆಲಸ ಮಾಡೋರು. ಹೊಲದ ಪುರಸತ್ತು ನೋಡಿ ಹಿಮಾಲಯಕ್ಕ ಬರ್ತಾರ! ಶ್ರಾವಣದಾಗ ಇಲ್ಲಿ ಎದುರು ನಿಂತ ಮನಶ್ಯಾ ಕಾಣಂಗಿಲ್ಲ ಬೇ.”

ನನ್ನ ನಗು ಅಲ್ಲೇ ನಿಂತಿತು. ಅಪ್ಪನ ಮಾತು ಎಂದರೆ ಮಾತು. ಗುಡ್ಡ ಕಾಣದಿದ್ದರೆ ಹೊರಡುವುದು ಯಾವಾಗ? ಈ ಹಾಳು ಮೋಡ ಒಂದೇ ಒಂದು ದಿನ ಸರಿಯಬೇಕು, ಬಸವಣ್ಣಾ, ಒಂದೇ ದಿನ.

೧೦ ಆಗಸ್ಟ್

ಅಪ್ಪ ಬಂದರು! ಜೀಪಿನಿಂದ ಮೊದಲು ಇಳಿದದ್ದು ಉಂಡಿಯ ಡಬ್ಬಿಗಳು, ಆಮೇಲೆ ಕಂಬಳಿ, ಆಮೇಲೆ ತಲೆಯ ಪಟಗಾ, ಕೊನೆಗೆ ಅಪ್ಪ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಐದು ದಿನ ಡಬ್ಬಿಗಳನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಾರೆ. ದಾರಿಯುದ್ದ ಉರ್ದು ಮಾತಾಡಿ ಮೂರು ಕಡೆ ಚಹಾ ಪುಕ್ಕಟೆ ಕುಡಿದರಂತೆ.

ಅಂಗಳಕ್ಕೆ ಬಂದವರೇ ಪಟಗಾ ಸರಿಮಾಡಿಕೊಂಡು ಉತ್ತರಕ್ಕೆ ತಿರುಗಿದರು.

“ಎಲ್ಲದ?”

“ಅದರ ಹಿಂದ ಅದರಿ ಮಾಮಾ,” ಎಂದು ಇವರು ಮೋಡ ತೋರಿಸಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

“ಅದ ಅಂದ್ಮ್ಯಾಲ ಕಾಣ್ತದ ಬಿಡ್ರಿ. ನಾ ಎರಡು ವಾರ ಇರ್ತೇನಿ,” ಎಂದರು ಅಪ್ಪ.

೧೨ ಆಗಸ್ಟ್

ನಸುಕಿಗೇ ಗನಿ ಸಾಹೇಬರು ನಮಾಜಿಗೆ ಹೋಗುವಾಗ ಅಪ್ಪನೂ ಅವರ ಜೊತೆ ಮೇಲಿನ ರಸ್ತೆಗೆ ಹೋದರು. ಬೆಳಕಾದ ಮೇಲೆ ಒಬ್ಬರೇ ಬಂದರು, ಕಣ್ಣು ಕೆಂಪಗೆ. ಚಳಿಗಾಳಿ ಹೊಡೆದಿರಬೇಕು.

“ಏನರೆ ಕಂಡಿತೇನ್ರಿ ಅಪ್ಪಾ?”

“ಮೋಡ. ಬರೇ ಮೋಡ.”

ಐದು ರೊಟ್ಟಿ ತಿಂದರು. ದಿನವಿಡೀ ಆಗಾಗ ತಮ್ಮಷ್ಟಕ್ಕೇ ನಕ್ಕರು. ವಯಸ್ಸಾಗುತ್ತಿದೆ.

೧೩ ಆಗಸ್ಟ್, ಪಂಚಮಿ

ಎಷ್ಟು ನಕ್ಕೆನೋ ಇವತ್ತು! ದವಡೆ ನೋಯುತ್ತಿದೆ.

ಮಣ್ಣಿನ ನಾಗಪ್ಪನನ್ನು ನಾನೇ ಮಾಡಿದೆ. ಇಲ್ಲಿಯ ಕೆಂಪು ಮಣ್ಣಿಗೆ ನಮ್ಮ ಎರೆಮಣ್ಣಿನ ಅಂಟಿಲ್ಲ, ಹೆಡೆ ಎರಡು ಸಲ ಕುಸಿಯಿತು. ಹಾಲೆರೆದೆ. ಜೋಕಾಲಿ ಎಲ್ಲಿ ಕಟ್ಟುವುದು? ಇವರು ಡೋಜರಿಗೆ ಕಟ್ಟುವ ದಪ್ಪ ಹಗ್ಗ ತಂದು ಹಿಂದಿನ ದೇವದಾರು ಮರಕ್ಕೆ ಕಟ್ಟಿದರು. ಆ ಹಗ್ಗಕ್ಕೆ ಆನೆಯನ್ನೂ ಕೂರಿಸಬಹುದು. ನಾನೂ ಆಪಾನೂ ಎದುರುಬದುರು ನಿಂತು ಜೀಕಿದೆವು. ಒಂದೊಂದು ಜೀಕಿಗೂ ಕಾಲ ಕೆಳಗಿನ ನೆಲ ಹೋಗಿ ಕಣಿವೆ ಬರುತ್ತಿತ್ತು, ಮೋಡದೊಳಗೆ ಹೋಗಿ ಒದ್ದೆಯಾಗಿ ಹಿಂದೆ ಬರುತ್ತಿದ್ದೆವು. ಕೊಳಕೂರಿನ ಬೇವಿನ ಮರದ ಜೋಕಾಲಿಯಲ್ಲಿ ಬಹಳವೆಂದರೆ ಪಕ್ಕದ ಮನೆಯ ಮಾಳಿಗೆ ಕಾಣುತ್ತಿತ್ತು.

“ಇನ್ನೂ ಜೋರ್ ತೂಗ್ರಿ ಕಾಕಾ!” ಎಂದು ಆಪಾ ಕೂಗುತ್ತಿದ್ದಳು. ಅಪ್ಪ ಧೋತರ ಮೇಲೆತ್ತಿ ಕಟ್ಟಿ ತೂಗಿದರು. ಅಕ್ಕಪಕ್ಕದ ನೇಪಾಳಿ ಹೆಂಗಸರು ನೋಡುತ್ತ ನಿಂತವರು ಆಮೇಲೆ ಸಾಲಾಗಿ ನಿಂತು ಸರದಿ ಕೇಳಿದರು. ಎಲ್ಲರಿಗೂ ಉಂಡಿ ಹಂಚಿದೆ. ಸಂಜೆಗೆ ಒಂದು ಡಬ್ಬಿ ಖಾಲಿ. ಇವರನ್ನೂ ಜೋಕಾಲಿಗೆ ಹತ್ತಿಸಿದೆವು; ದಿನಾ ಪ್ರಪಾತದ ಅಂಚಿನಲ್ಲಿ ಡೋಜರ್ ನಡೆಸುವವರು ಜೋಕಾಲಿಯ ಮೇಲೆ ಕಣ್ಣು ಮುಚ್ಚಿಕೊಂಡು ಕೂತರು!

೧೬ ಆಗಸ್ಟ್

ಅಪ್ಪನ ಹಟ ನೋಡಬೇಕು. ದಿನಾ ನಸುಕಿಗೆ ಕಂಬಳಿ ಹೊದ್ದು ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಗುಡ್ಡಕ್ಕೆ ಕಾಯುತ್ತಾರೆ. ಬಾಗಿಲ ತುಂಬ ಅವರೇ. ಚಹಾ ಕೊಡಲು ಹೋದರೆ “ಒಳಗ ನಡಿ, ಥಂಡಿ ಭಾಳ ಅದ,” ಎಂದು ಅಟ್ಟುತ್ತಾರೆ. ಪಾಪ, ನನ್ನ ಆರೋಗ್ಯದ ಚಿಂತೆ. ಈ ಗುಡ್ಡಕ್ಕೆ ಸ್ವಲ್ಪವಾದರೂ ನಾಚಿಕೆ ಇರಬೇಕು. ಐದು ದಿನದ ದಾರಿ ಬಂದ ಮನುಷ್ಯನಿಗೆ ಅರ್ಧ ನಿಮಿಷ ಮುಖ ತೋರಿಸಲಾಗದೆ?

ಪೆಟ್ಟಿಗೆ ಅರ್ಧ ತುಂಬಿಟ್ಟಿದ್ದೆ. ಇವತ್ತು ಎರಡು ಸೀರೆ ಹೊರಗೆ ತೆಗೆದೆ. ಉಡಲು ಬೇಕಲ್ಲ. ಕೆಳಗೆ ಲಾರಿ ಹಾರ್ನ್ ಆಯಿತು, ಇವರು ಬಂದರು, ಇವತ್ತಿಗೆ ಬರೆದದ್ದು ಸಾಕು.

೧೯ ಆಗಸ್ಟ್

ಕೆಳಗಿನ ರಸ್ತೆಯಲ್ಲಿ ಗುಡ್ಡ ಕುಸಿದಿದೆಯಂತೆ. ಇವರು ನಿನ್ನೆ ಹೋದವರು ಬಂದಿಲ್ಲ. ನಾನೇನೂ ಗಾಬರಿಯಾಗಿಲ್ಲ. ಗಾಬರಿಯಾಗಿದ್ದು ಅಪ್ಪ, ಸಾರಿಗೆ ಉಪ್ಪು ಎರಡು ಸಲ ಬಿತ್ತು ಎಂದು ಸುಮ್ಮಸುಮ್ಮನೆ ಹೇಳುತ್ತಿದ್ದರು.

೨೦ ಆಗಸ್ಟ್

ಬಂದರು. ಕಣ್ಣು ಬಿಟ್ಟು ಉಳಿದದ್ದೆಲ್ಲ ಕೆಸರು, ಕೈಗೆ ಗಾಯದ ಪಟ್ಟಿ. ಚೆನ್ನಾಗಿ ಬೈದೆ.

೨೧ ಆಗಸ್ಟ್

ಇದನ್ನು ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಯಾರು ಓದುತ್ತಾರೆ.

ಅಪ್ಪನಿಗೆ ನಿನ್ನೆಯಿಂದ ನೆಗಡಿ, ಮೈ ಬಿಸಿ. ಆಪಾ ಮೆಣಸಿನ ಕಷಾಯ ಕುಡಿಸಿ ಮಲಗಿಸಿದ್ದಳು. ನಸುಕಿಗೆ ಎಚ್ಚರವಾದಾಗ ಅಪ್ಪ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಪಾಪ, ಇವತ್ತು ಅವರ ಬದಲಿಗೆ ನಾನೇ ಕಾಯೋಣವೆಂದು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತೆ. ಮಳೆ ನಿಂತಿತ್ತು. ಎದುರಿನ ಹಸಿರು ಗುಡ್ಡಗಳು ಕಂಡವು, ಅವುಗಳ ಮೇಲೆ ಎಂದಿನ ಮೋಡದ ಗೋಡೆ. ಇವತ್ತೂ ಇಲ್ಲ ಎಂದು ಆಕಳಿಸಲು ತಲೆ ಹಿಂದಕ್ಕೆ ಚೆಲ್ಲಿದೆ.

ಮೋಡದ ಮೇಲೆ ಇತ್ತು.

ನಾನು ನೋಡುತ್ತಿದ್ದ ಜಾಗವೇ ತಪ್ಪು. ಎರಡೂವರೆ ತಿಂಗಳು ಬಯಲಿನವಳ ಹಾಗೆ ತಲೆ ನೆಟ್ಟಗಿಟ್ಟು ನೋಡಿದ್ದೇನೆ. ಅಲ್ಲಿ ಏನಿದ್ದೀತು? ಅದು ಇರುವುದು ಆಕಾಶ ಇರಬೇಕಾದ ಕಡೆ. ಕಣದಲ್ಲಿ ತೂರಿ ಹಾಕಿದ ಬಿಳಿಜೋಳದ ರಾಶಿಯ ಹಾಗೆ ಬೆಳ್ಳಗೆ, ಉದ್ದಕ್ಕೆ, ಒಂದರ ಪಕ್ಕ ಒಂದು. ನೋಡುತ್ತಿದ್ದ ಹಾಗೆ ತುದಿಗೆ ಕೆಂಪು ಹತ್ತಿತು, ಆಮೇಲೆ ಬಂಗಾರ, ಆಮೇಲೆ ನೋಡಲಾಗದಷ್ಟು ಬೆಳಕು. ಒಂದು ಸಪ್ಪಳವಿಲ್ಲ. ಅಷ್ಟು ದೊಡ್ಡದು ಇಷ್ಟು ದಿನ ನನ್ನ ತಲೆಯ ಮೇಲೆ ಕೂತಿತ್ತು, ನಾನು ಕೆಳಗೆ ಸೀರೆ ಒಣಗಲಿಲ್ಲವೆಂದು ಬೈಯುತ್ತಿದ್ದೆ. ಕಣ್ಣಲ್ಲಿ ನೀರು ಬಂದವು, ಜೊತೆಗೆ ನಗು. ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ನಿಂತಿದ್ದೆ.

ಅಪ್ಪಾ ಎಂದು ಕೂಗಲು ಬಾಯಿ ತೆರೆದು ಬಾಗಿಲಿಗೆ ಓಡಿದೆ. ಒಳಗೆ ಇಬ್ಬರೂ ಮಲಗಿದ್ದರು. ಅಪ್ಪ ಕಂಬಳಿಯೊಳಗೆ ಮುದುಡಿ, ಇವರು ಕೈಯ ಗಾಯದ ಪಟ್ಟಿಯನ್ನು ಎದೆಯ ಮೇಲಿಟ್ಟುಕೊಂಡು. ಚೌಕಟ್ಟು ಹಿಡಿದು ನಿಂತೆ. ಕೂಗಿದರೆ ನಾಳೆ ಹೊರಡಬೇಕು.

ನಾನು ಬಾಗಿಲನ್ನು ಮೆತ್ತಗೆ ಎಳೆದುಕೊಂಡೆ. ಜ್ವರದ ಮೈಗೆ ಗಾಳಿ ತಾಗಬಾರದು.

ಹಿಂದೆ ತಿರುಗಿದರೆ ಮೇಲಿನ ಮನೆಯ ಕಿಟಕಿಯಲ್ಲಿ ಆಪಾ. ಗುಡ್ಡವನ್ನೂ ನೋಡಿದಳು, ನನ್ನನ್ನೂ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ಕಿಟಕಿ ಮುಚ್ಚಿಕೊಂಡಳು. ಕಾಲು ಗಂಟೆಯಲ್ಲಿ ಮೋಡ ಎಲ್ಲವನ್ನೂ ನುಂಗಿತು.

ಅಪ್ಪ ಎದ್ದು ಕೇಳಿದರು, “ನೀ ಹೊರಗ ಕುಂತಿದ್ದೇನು? ಏನರೆ ಕಂಡಿತೇನು?”

“ಮೋಡರೀ ಅಪ್ಪಾ. ಬರೇ ಮೋಡ.”

೨೨ ಆಗಸ್ಟ್

ಯಾಕೆ ಎಬ್ಬಿಸಲಿಲ್ಲ? ಜ್ವರ ಇತ್ತು, ಅದಕ್ಕೆ. ಕಷಾಯ ಕುಡಿದು ಮಲಗಿದವರನ್ನು ಎಬ್ಬಿಸಬಾರದು ಎಂದು ಆಪಾನೇ ಹೇಳಿದ್ದಳು. ಎದ್ದು ಪಟಗಾ ಸುತ್ತಿಕೊಳ್ಳುವಷ್ಟರಲ್ಲಿ ಗುಡ್ಡ ಹೋಗಿಯೂ ಬಿಡುತ್ತಿತ್ತು.

ಸುಳ್ಳು. ನಲವತ್ತು ವರ್ಷದ ಆಸೆ. ಎಂಥ ಮಗಳು ನಾನು.

೨೩ ಆಗಸ್ಟ್

ಅಪ್ಪನಿಗೆ ಜ್ವರ ಬಿಟ್ಟಿದೆ. ಮತ್ತೆ ಹೊಸ್ತಿಲ ಹೊರಗೆ ಕೂತಿದ್ದಾರೆ. ಅವರಿಗೆ ಇಷ್ಟವೆಂದು ಹೋಳಿಗೆ ಮಾಡಿದೆ. ತಿನ್ನುತ್ತಿದ್ದರೆ ಮುಖ ನೋಡಲಾಗಲಿಲ್ಲ.

೨೫ ಆಗಸ್ಟ್

ಅಪ್ಪ ಹೋದರು.

ನಿನ್ನೆ ಊಟವಾದ ಮೇಲೆ ಬಾಯಿ ಒರೆಸಿಕೊಂಡು ಪಂಚಾಯಿತಿ ಹೇಳುವವರ ಹಾಗೆ ಹೇಳಿದರು, “ಹೊಲ ಕರೀಲಾಕತ್ತದ, ಇನ್ನ ನಾ ನಿಂದ್ರಂಗಿಲ್ಲ. ಗುಡ್ಡ ನೋಡಿದ ಮರುದಿನ ಕರಕೊಂಡು ಹೋಗ್ತೇನಿ ಅಂದಿದ್ದೆ. ಗುಡ್ಡ ಕಾಣಲಿಲ್ಲ. ಹಂಗಾದ ಮ್ಯಾಲ ಮಾತಿನ ಪ್ರಕಾರ ನೀ ಬರೂ ಹಂಗಿಲ್ಲ ಯವ್ವಾ. ಏನಂತಿ?”

ನಾನು ಏನನ್ನಲಿ? ಮಾತು ಎಂದರೆ ಮಾತು. “ಆಯ್ತರಿ ಅಪ್ಪಾ,” ಎಂದೆ. ಇವರು ಹೆಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದು ಬೆರಳು ಸುಟ್ಟುಕೊಂಡರು.

ಬೆಳಿಗ್ಗೆ ಜೀಪು ಹತ್ತುವ ಮೊದಲು ಅಪ್ಪ ಉತ್ತರಕ್ಕೆ ತಿರುಗಿ, ಚಪ್ಪಲಿ ಬಿಟ್ಟು, ಮೋಡಕ್ಕೆ ಕೈ ಮುಗಿದರು. ಕಾಣದ ಗುಡ್ಡಕ್ಕೆ! ನಾನು ಒಂದೇ ಸಮನೆ ಅತ್ತೆ. ಎಲ್ಲರೂ ತವರಿನ ಅಳು ಎಂದುಕೊಂಡರು. ಆಪಾ ಮಾತ್ರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಅವಳ ಹೆಗಲು ಯಾಕೋ ಕುಲುಕುತ್ತಿತ್ತು.

೨೭ ಆಗಸ್ಟ್

ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಮಂಚದ ಕೆಳಗೆ ತಳ್ಳಿದೆ. ಬೂಷ್ಟಿಗೆ ಬೇವಿನ ಸೊಪ್ಪು ಇಡಬೇಕು ಎಂದು ಊರಲ್ಲಿ ಅನ್ನುತ್ತಾರೆ. ಇಲ್ಲಿ ಬೇವು ಇಲ್ಲ, ಆಪಾ ಕರ್ಪೂರ ಕೊಟ್ಟಳು. ಅಂಗಳದ ಕಟ್ಟೆಯ ಬಳಿ ಮೆಂತ್ಯೆ ಬಿತ್ತಿದ್ದೇನೆ, ಮುಂದಿನ ತಿಂಗಳಿಗೆ ಬರುತ್ತದೆ. ಇವರು ಬಾಗಿಲಿಗೆ ಒಂದು ತಗಡಿನ ಚಪ್ಪರ ಹಾಕುತ್ತಾರಂತೆ, ಸೀರೆ ಒಣಗಿಸಲು.

ಎಲ್ಲ ಸರಿ, ಆದರೆ ಆ ಸುಳ್ಳು ನನ್ನನ್ನು ಬಿಡುವುದಿಲ್ಲ. ಇವತ್ತು ಕೂತು ಅಪ್ಪನಿಗೆ ಉಳಿಸದೆ ಎಲ್ಲ ಬರೆದೆ. ಇಪ್ಪತ್ತೊಂದನೇ ತಾರೀಖು ಗುಡ್ಡ ಬಂದಿತ್ತು, ನಾನು ನೋಡಿದೆ, ನಿಮ್ಮನ್ನು ಎಬ್ಬಿಸಲಿಲ್ಲ, ಬಾಗಿಲು ಹಾಕಿಕೊಂಡೆ, ಬೈಯ್ರಿ, ಹೊಡೀರಿ, ಮಗಳೇ ಅಲ್ಲ ಅನ್ನಬ್ಯಾಡ್ರಿ. ಹೇಗಿತ್ತು ಎಂಬುದನ್ನೂ ಎರಡು ಪುಟ ಬರೆದೆ. ಅದಾದರೂ ಮುಟ್ಟಲಿ.

೧೪ ಸೆಪ್ಟೆಂಬರ್

ಉತ್ತರವಿಲ್ಲ. ಅಂಚೆಯವನ ಮುಖ ನೋಡಿ ಬೇಸರ ಬಂದಿದೆ. ಮೆಂತ್ಯೆ ಎದ್ದಿದೆ.

೨೨ ಸೆಪ್ಟೆಂಬರ್

ಕಾಗದ ಬಂತು. ಅವಸರಕ್ಕೆ ಬಿಡಿಸಹೋಗಿ ಅಂಚು ಹರಿದೇ ಹೋಯಿತು. ಇಲ್ಲಿ ಹಾಗೆಯೇ ಬರೆದಿಟ್ಟುಕೊಳ್ಳುತ್ತೇನೆ, ಒಂದಕ್ಷರ ಬಿಡದೆ.

“ಚಿ. ಸೌ. ಗುರುಬಾಯಿಗೆ ಅಪ್ಪ ಚಂದ್ರಾಮಪ್ಪನ ಆಶೀರ್ವಾದ. ಬಿತ್ತಿಗಿ ನಡದದ, ಅದಕ್ಕ ತಡ ಆಯ್ತು. ನಿನ್ನ ಕಾಗದ ಓದಿ ಎತ್ತು ನಿಂದ್ರಿಸಿ ಹೊಲದಾಗ ನಕ್ಕೇನಿ. ನಾಗಣ್ಣ ನನಗ ಏನೋ ಆಯ್ತಂತ ನೀರು ತಂದ.

ಹುಚ್ಚಿ, ನಾ ಬಂದ ಮೂರನೇ ದಿನಾನೇ ಗುಡ್ಡ ನೋಡೇನಿ. ಗನಿ ಸಾಹೇಬರ ಜೋಡಿ ಮ್ಯಾಲಿನ ರಸ್ತಾಕ್ಕ ಹೋಗಿದ್ದೆ ನೋಡು, ಅವತ್ತು. ಅರ್ಧಾ ತಾಸು ನಿಂತಿತ್ತು. ಸಾಹೇಬರು ನಮಾಜು ಮಾಡಿದರು, ನಾ ಲಿಂಗಾ ಹಿಡಿದು ಅಲ್ಲೇ ರಸ್ತಾದ ಮ್ಯಾಲ ಪೂಜಿ ಮಾಡಿದೆ. ಮಾಸ್ತರರು ಗ್ವಾಡಿ ಮ್ಯಾಲ ಬರೆದಿದ್ದು ಸಣ್ಣದಾಗಿತ್ತು ಯವ್ವಾ. ಭಾಳ ಸಣ್ಣದಾಗಿತ್ತು.

ಕೂಗಿ ಹೇಳಬೇಕಂತ ಓಡಿ ಬಂದೆ. ಬಾಗಿಲ ತನಕ ಬಂದವ ನಿಂತೆ. ಹೇಳಿದ್ರ ಮರುದಿನ ನಿನ್ನ ಕರಕೊಂಡು ಹೊರಡಬೇಕು. ಬಂದ ಎರಡು ದಿನ ನಿನ್ನ ನೋಡಿದ್ದೆ. ಸಂಜೀಕ ಕೆಳಗಿನ ತಿರುವಿನಾಗ ಲಾರಿ ಹಾರ್ನ್ ಆದ್ರ ಸಾಕು, ಕೈಯಾಗಿನ ಹಿಟ್ಟು ತೊಳೀದೇ ಬಾಗಿಲಿಗಿ ಓಡ್ತಿದ್ದಿ. ಅಳಿಯಂದ್ರು ಮುಖ ತೋರಿಸೋ ತನಕಾ ನಿಂದ್ರತಿದ್ದಿ, ತೋರಿಸಿದ ಕೂಡ್ಲೇ ಬೈತಿದ್ದಿ. ಇಂಥಾಕಿನ್ನ ಕರಕೊಂಡು ಹೋಗಿ ನಾ ಕೊಳಕೂರಾಗ ಏನ್ ಮಾಡ್ಲಿ? ನಿನಗೇ ಇನ್ನಾ ತಿಳಿದಿದ್ದಿಲ್ಲ, ಜರಾ ಟೈಮ್ ಬೇಕಾಗಿತ್ತು. ಅದಕ್ಕ ಮೋಡ ಅಂದೆ. ಸಾಹೇಬರಿಗೂ ಬಾನುಬಿಗೂ ಹೇಳಬ್ಯಾಡ್ರಿ ಅಂತ ಕಸಮ್ ಹಾಕಿಸಿದ್ದೆ.

ಅಷ್ಟು ದೊಡ್ಡದು ನೋಡಿ ಹೊಟ್ಟ್ಯಾಗ ಇಟ್ಟುಕೊಂಡು ಹದಿಮೂರು ದಿನ ಹ್ಯಾಂಗ ಕಳದೆ ಅಂತ ನನಗೇ ಗೊತ್ತು. ದಿನಾ ನಸುಕಿಗೆ ಹೊಸ್ತಿಲದಾಗ ಯಾಕ ಕೂಡ್ತಿದ್ದೆ ಗೊತ್ತೇನು? ಗುಡ್ಡಕ್ಕ ಕಾಯಾಕ ಅಲ್ಲ. ಅದು ಬಂದ್ರ ನಿನಗ ಕಾಣದಂಗ ಅಡ್ಡ ಕೂಡಾಕ. ಜ್ವರ ಬಂದ ಒಂದು ದಿನ ಡ್ಯೂಟಿ ತಪ್ಪಿತು, ಅವತ್ತೇ ನೋಡಿಬಿಟ್ಟಿ.”

ಓದಿ ಮುಗಿಸಿ ಇನ್ನೊಮ್ಮೆ ಮೊದಲಿನಿಂದ ಓದಿದೆ. ಆಮೇಲೆ ನಗು ಬಂತು, ಎಂಥ ನಗು! ಆಪಾ ಓಡಿ ಬಂದಳು.

“ನಿನಗ ಗೊತ್ತಿತ್ತಾ ಆಪಾ?”

“ಅಪ್ಪಂದೂ ಗೊತ್ತಿತ್ತು, ಮಗಳದೂ ಗೊತ್ತಿತ್ತು,” ಎಂದು ಅವಳು ನೆಲಕ್ಕೇ ಕುಸಿದು ಕೂತಳು. “ಅವತ್ತು ಜೀಪಿನ ಮುಂದ ನೀ ಅಳಾಕತ್ತಿದ್ದಿ, ಕಾಕಾ ಕಣ್ಣು ಒರಸಾಕತ್ತಿದ್ರು, ನಡುವ ನಾ ನಗು ತಡಕೊಂಡು ಸತ್ತಿದ್ದೆ ಬೇ!”

ಹಾರ್ನ್ ಕೇಳಿದರೆ ಓಡುತ್ತೇನಂತೆ! ನಾನು? ಅಪ್ಪನಿಗೆ ಸ್ವಲ್ಪ ಹೆಚ್ಚಿಗೆ ಹೇಳುವ ಚಾಳಿ ಮೊದಲಿನಿಂದಲೂ ಇದೆ. ಯಾರೋ ಬಂದರೆಂದು ಬಾಗಿಲಿಗೆ ಹೋಗಿರಬಹುದು, ಒಂದೆರಡು ಸಲ. ಇದನ್ನು ಕಾಗದದಲ್ಲೇ ಖಂಡಿಸಿ ಬರೆಯಬೇಕೆಂದು ಇವತ್ತೇ ಪೆನ್ನು ತೆಗೆದು ಕೂತೆ. “ತೀರ್ಥರೂಪ ಅಪ್ಪಾ ಅವರಿಗೆ, ನೀವು ಬರೆದದ್ದು ಶುದ್ಧ ಸುಳ್ಳು” ಎಂಬಲ್ಲಿಗೆ ನಿಲ್ಲಿಸಿದ್ದೇನೆ. ಅಷ್ಟರಲ್ಲಿ ಕೆಳಗೆ ಲಾರಿಯ ಹಾರ್ನ್ ಆಯಿತು. ನೋಡಿದರೆ ನಾನು ಅಂಗಳದಲ್ಲಿದ್ದೆ, ಪೆನ್ನು ಕೈಯಲ್ಲೇ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.